ಸೊನ್ನೆ ಬಿಲ್ ಒಮ್ಮೆಲೇ ಸಾವಿರ ದಾಟಿದ್ದು ಹೇಗೆ?

ಪ್ರಶ್ನೆ: ಗೃಹಜ್ಯೋತಿ ಬಂದ ಮೇಲೆ ನಮಗೆ ಸೊನ್ನೆ ಬಿಲ್ಲೇ ಬರುತ್ತಿತ್ತು. ಜೂನ್‌ನಲ್ಲಿ 162 ಯೂನಿಟ್ ಆಗಿತ್ತು. ಜುಲೈಯಲ್ಲಿ 216 ಆಗಿ, ಸಾವಿರದ ಏಳುನೂರು ಚಿಲ್ಲರೆ ಬಿಲ್ ಬಂದಿದೆ. ಮನೆಗೆ ಹೊಸದಾಗಿ ಏನೂ ತಂದಿಲ್ಲ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಅಷ್ಟೇ. ಮೀಟರ್ ಕೆಟ್ಟಿರಬಹುದಾ?
– ಓದುಗರು, ಕೊಪ್ಪ ತಾಲ್ಲೂಕು

ಉತ್ತರ: ಮೀಟರ್ ಮೇಲೆ ಅನುಮಾನ ಪಡುವ ಮೊದಲು ಯೂನಿಟ್ ನೋಡಿ. ಜಾಸ್ತಿ ಆಗಿರುವುದು 54 ಯೂನಿಟ್ ಮಾತ್ರ. ಆದರೆ ಗೃಹಜ್ಯೋತಿಯಲ್ಲಿ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಮೇಲಿನ 16 ಯೂನಿಟ್‌ಗೆ ಮಾತ್ರ ಅಲ್ಲ, ಎಲ್ಲ 216ಕ್ಕೂ. 200ರ ಒಳಗೇ ಇದ್ದು, 2022-23ರ ಸರಾಸರಿ ನೋಡಿ ನಿಮಗೆ ಗೊತ್ತು ಮಾಡಿದ ಮಿತಿ ಮೀರಿದ್ದರೆ, ಮೀರಿದ್ದಕ್ಕೆ ಮಾತ್ರ ದುಡ್ಡು.

ಈಗ 54 ಯೂನಿಟ್ ಎಲ್ಲಿ ಹೋಯಿತು ಅನ್ನುವುದು. ದಿನಕ್ಕೆ ಲೆಕ್ಕ ಹಾಕಿದರೆ ಎರಡು ಯೂನಿಟ್‌ಗೂ ಕಡಿಮೆ. 2000 ವಾಟ್‌ನ ಗೀಸರ್ ಒಂದು ಗಂಟೆ ಕಾದರೆ ಎರಡು ಯೂನಿಟ್ ಆಗುತ್ತದೆ. ಬಾಣಂತಿ, ಮಗುವಿನ ಸ್ನಾನಕ್ಕೆ ಬಿಸಿನೀರು ಎಷ್ಟು ಬೇಕು ಅಂತ ನಿಮಗೇ ಗೊತ್ತು. ಮಳೆಗಾಲದಲ್ಲಿ ನೀರು ತಣ್ಣಗಿರುತ್ತದೆ, ಸೌದೆ ಒದ್ದೆ ಅಂತ ಹಂಡೆ ಬಿಟ್ಟು ಗೀಸರ್ ಹಾಕುವ ಮನೆಗಳೂ ಬಹಳ. ಸ್ವಿಚ್ ಆಫ್ ಮಾಡದೆ ಬಿಟ್ಟರೆ ನೀರು ತಣಿದಾಗಲೆಲ್ಲ ಅದು ಮತ್ತೆ ಕಾಯಿಸುತ್ತಲೇ ಇರುತ್ತದೆ. ನನ್ನ ಅನುಮಾನ ಇದರ ಮೇಲೇ. ಬಟ್ಟೆ ಒಣಗಲಿ ಅಂತ ಹಗಲು ರಾತ್ರಿ ಫ್ಯಾನ್ ಹಾಕುವುದು, ಇಸ್ತ್ರಿ ಪೆಟ್ಟಿಗೆ, ಇವೂ ಸ್ವಲ್ಪ ಸೇರುತ್ತವೆ.

ಆದರೂ ಕರೆಂಟ್ ಸೋರಿಕೆ ಇದೆಯಾ ಅಂತ ನೋಡಿಕೊಳ್ಳಿ. ಮಲೆನಾಡಿನ ಮಳೆಗೆ ಗೋಡೆ ತೇವ ಹಿಡಿಯುತ್ತದೆ, ಬಚ್ಚಲುಮನೆಗೆ ಎಳೆದ ವೈರಿಗೆ ನೀರು ಇಳಿಯುತ್ತದೆ. ಫ್ರಿಜ್, ಟಿವಿ ಪ್ಲಗ್ ಎಲ್ಲಾ ಕಿತ್ತು, ಸ್ವಿಚ್‌ಗಳನ್ನೆಲ್ಲ ಆಫ್ ಮಾಡಿ, ಮೇನ್ ಮಾತ್ರ ಆನ್ ಇಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೀಟರ್‌ನಲ್ಲಿ ಮಿನುಗುವ ಕೆಂಪು ದೀಪವನ್ನು ಹತ್ತು ನಿಮಿಷ ಗಮನಿಸಿ. ಮತ್ತೆ ಮತ್ತೆ ಮಿನುಗಿದರೆ ಎಲ್ಲೋ ಕರೆಂಟ್ ಹೋಗುತ್ತಿದೆ. ಎಂಸಿಬಿಗಳನ್ನು, ಅಂದರೆ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಸ್ವಿಚ್‌ಗಳನ್ನು, ಒಂದೊಂದಾಗಿ ಕೆಳಗಿಳಿಸಿ. ಯಾವುದನ್ನು ಇಳಿಸಿದಾಗ ಮಿನುಗು ನಿಲ್ಲುತ್ತದೋ ಆ ಲೈನನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮೇನ್ ಕೂಡ ಆಫ್ ಮಾಡಿದ ಮೇಲೂ ಮಿನುಗುತ್ತಿದ್ದರೆ ಮಾತ್ರ ಮೀಟರ್ ಅಥವಾ ಮೇನ್‌ವರೆಗಿನ ವೈರಿನ ಮಾತು. ಆಗ ಮೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಮೀಟರ್ ಪರೀಕ್ಷೆ ಮಾಡಿಸಿ, ಅದಕ್ಕೆ ಶುಲ್ಕ ಇದೆ. ಫೋನ್‌ನಲ್ಲಿ ದೂರು ಕೊಡಲು 1912.

ಒಂದು ಮಾತು ದಯವಿಟ್ಟು ನೆನಪಿಡಿ. ನಲ್ಲಿ ಮುಟ್ಟಿದಾಗ ಅಥವಾ ಸ್ನಾನದ ನೀರಿನಲ್ಲಿ ಒಂಚೂರು ಜುಮ್ ಅಂದರೂ ಗೀಸರ್ ಆಫ್ ಮಾಡಿ, ರಿಪೇರಿ ಆಗುವವರೆಗೆ ಹಾಕಲೇಬೇಡಿ. ಅದು ಬಿಲ್ಲಿನ ವಿಷಯ ಅಲ್ಲ, ಜೀವದ ವಿಷಯ. ಮನೆಯಲ್ಲಿ ಹಸುಗೂಸಿದೆ. ಇಎಲ್‌ಸಿಬಿ ಹಾಕಿಸಿಲ್ಲದಿದ್ದರೆ ಈ ವಾರವೇ ಹಾಕಿಸಿ. ಸೋರಿಕೆ ಆದ ಕೂಡಲೇ ಅದು ಕರೆಂಟ್ ಕಡಿಯುತ್ತದೆ.

ಬಿಲ್ಲಿನಲ್ಲಿ ಹಿಂದಿನ ಸಲ ಮತ್ತು ಈ ಸಲ ರೀಡಿಂಗ್ ತೆಗೆದ ತಾರೀಖನ್ನೂ ನೋಡಿ. ಈ ಸಲ ತಡವಾಗಿ ತೆಗೆದಿದ್ದರೆ ಹೆಚ್ಚಿನ ದಿನಗಳದ್ದೂ ಸೇರಿರಬಹುದು.

ಮಗಳಿಗೆ ಬಿಸಿನೀರು ಕಡಿಮೆ ಮಾಡುವುದು ಬೇಡ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಗೀಸರ್ ಹಾಕಿ, ನೀರು ಕಾದ ಮೇಲೆ ಆಫ್ ಮಾಡಿ. ಒಣ ಸೌದೆ ಇದ್ದ ದಿನ ಹಂಡೆಗೇ ಬೆಂಕಿ ಹಾಕಿ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಮೀಟರ್ ರೀಡಿಂಗ್ ಬರೆದಿಡಿ. ದಿನಕ್ಕೆ ಆರೂಕಾಲು ಯೂನಿಟ್ ದಾಟದಿದ್ದರೆ ತಿಂಗಳಿಗೆ 200ರ ಒಳಗೇ ಉಳಿಯುತ್ತೀರಿ.