ಬಾಲ್ಯದಲ್ಲಿ ಕಷ್ಟ ಉಂಡವರು ಮಕ್ಕಳಿಗಾಗಿ ಸಂಸ್ಥೆ ಕಟ್ಟುವಾಗ

ಪ್ರಶ್ನೆ: ನನಗೆ 11 ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಓದಿನಲ್ಲಿ ಮುಂದಿದ್ದರೂ ಎರಡು ವರ್ಷ ಶಾಲೆ ಬಿಡಬೇಕಾಯಿತು. ನಮ್ಮಂಥವರಿಗೆ ವಿದ್ಯಾರ್ಥಿವೇತನವಿದೆ ಎಂದು ತಿಳಿದದ್ದು ಅರ್ಜಿಯ ಗಡುವು ಮುಗಿದ ಮೇಲೆ. ಈಗ ಒಳ್ಳೆಯ ಉದ್ಯೋಗದಲ್ಲಿದ್ದೇನೆ. ಕೆಲಸ ಬಿಟ್ಟು, ಉಳಿತಾಯವನ್ನೆಲ್ಲ ಹಾಕಿ, ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ವಸತಿಗೃಹವಿರುವ ಲಾಭರಹಿತ ಸಂಸ್ಥೆಯೊಂದನ್ನು ಆರಂಭಿಸಬೇಕೆಂದಿದ್ದೇನೆ. ನನ್ನ ಕಥೆ ಹೇಳಿಕೊಂಡರೆ ದೇಣಿಗೆ ತಾನಾಗಿ ಬರುತ್ತದೆ ಎನ್ನುತ್ತಾರೆ ಸ್ನೇಹಿತರು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ ಆ ಗಡುವು ಮುಗಿದ ಅರ್ಜಿಯಿಂದಲೇ ಶುರು ಮಾಡಿ. ತಂದೆಯಿಲ್ಲದ ಮಕ್ಕಳಿಗೆ ಹಣದ ಅಗತ್ಯವಿರುತ್ತದೆ ಎಂಬುದನ್ನು ಯಾರು ಬೇಕಾದರೂ ಊಹಿಸಬಲ್ಲರು. ಆದರೆ ಸಾವು ಸಂಭವಿಸಿದ ಮನೆಯಲ್ಲಿ ಅರ್ಜಿ ತುಂಬುವವರಾಗಲಿ, ದಾಖಲೆ ಹೊಂದಿಸುವವರಾಗಲಿ, ಕಚೇರಿಯಿಂದ ಕಚೇರಿಗೆ ಅಲೆಯುವವರಾಗಲಿ ಇರುವುದಿಲ್ಲ, ಹೀಗಾಗಿ ಇರುವ ನೆರವೂ ಕೈಗೆ ಸಿಗದೆ ಹೋಗುತ್ತದೆ ಎಂಬುದು ಅದನ್ನು ಅನುಭವಿಸಿದವರಿಗೆ ಮಾತ್ರ ಗೊತ್ತು. ನಿಮ್ಮ ಕಷ್ಟ ನಿಮಗೆ ಕೊಟ್ಟಿರುವ ಅರ್ಹತೆ ಈ ತಿಳಿವಳಿಕೆಯೇ.

ನೋವಿನಿಂದ ಹುಟ್ಟಿ ಬಾಳಿದ ಸಂಸ್ಥೆಗಳನ್ನು ನೋಡಿದರೆ, ಅವುಗಳ ಹಿಂದೆ ಇಂಥದೊಂದು ನಿರ್ದಿಷ್ಟ ಕೊರತೆ ಕಾಣುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ 1981ರಲ್ಲಿ ಆರು ವರ್ಷದ ಆಡಂ ವಾಲ್ಶ್ ಅಪಹರಣಕ್ಕೊಳಗಾಗಿ ಕೊಲೆಯಾದ. ಕಾಣೆಯಾದ ಮಕ್ಕಳ ವಿವರಗಳನ್ನು ಇಡೀ ದೇಶದ ಪೊಲೀಸರಿಗೆ ಸಿಗುವ ಕಂಪ್ಯೂಟರ್ ದಾಖಲೆಗೆ ಸೇರಿಸುವ ಸರಿಯಾದ ವ್ಯವಸ್ಥೆ ಆಗ ಇರಲಿಲ್ಲ. ಅವನ ತಂದೆತಾಯಿಗಳಾದ ಜಾನ್ ಮತ್ತು ರೆವೆ ವಾಲ್ಶ್ ಆ ಕೊರತೆಯನ್ನೇ ಹಿಡಿದು ಹೋರಾಡಿದರು. 1982ರಲ್ಲಿ ಅದಕ್ಕೊಂದು ಕಾಯ್ದೆ ಬಂತು, 1984ರಲ್ಲಿ ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು. ಮಕ್ಕಳನ್ನೆಲ್ಲ ರಕ್ಷಿಸುತ್ತೇವೆಂದು ಹೊರಟಿದ್ದರೆ ಅವರು ಇಷ್ಟು ದೂರ ಸಾಗುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ವಸತಿಗೃಹದ ಯೋಜನೆಯನ್ನು ದಯವಿಟ್ಟು ಕೈಬಿಡಿ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಅದರ ಮೇಲೆ ಹೆಸರು ಬರೆಯಬಹುದು, ಆದ್ದರಿಂದ ದಾನಿಗಳಿಗೂ ಸ್ಥಾಪಕರಿಗೂ ಅದು ಪ್ರಿಯ. ಆದರೆ ನೀವು ಹೇಳುತ್ತಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿಯೋ ತಂದೆಯೋ ಇದ್ದಾರೆ, ಮನೆಯೂ ಇದೆ. ರುಮೇನಿಯದ ಬುಖಾರೆಸ್ಟ್‌ನಲ್ಲಿ 2000ದ ದಶಕದ ಆರಂಭದಲ್ಲಿ, ಶಿಶುಗೃಹಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಪೋಷಕ ಕುಟುಂಬಗಳಿಗೆ ಕೊಟ್ಟು, ಉಳಿದವರೊಂದಿಗೆ ಹೋಲಿಸಿ ವರ್ಷಗಟ್ಟಲೆ ಅಧ್ಯಯನ ನಡೆಸಲಾಯಿತು. ಬುದ್ಧಿಯ ಬೆಳವಣಿಗೆಯಲ್ಲೂ ಬಾಂಧವ್ಯದಲ್ಲೂ ಕುಟುಂಬ ಸೇರಿದ ಮಕ್ಕಳೇ ಮುಂದಿದ್ದರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಸೇರಿದವರು. ಶಾಲೆಗೆ ಹೋಗುವ ಮಕ್ಕಳ ಸ್ಥಿತಿ ಇದಕ್ಕಿಂತ ಭಿನ್ನವೆಂಬುದು ನಿಜ. ಆದರೂ ಬಡತನವೊಂದೇ ಕಾರಣಕ್ಕೆ ಮಗುವನ್ನು ಕುಟುಂಬದಿಂದ ಬೇರ್ಪಡಿಸಬಾರದೆಂದು 2009ರ ವಿಶ್ವಸಂಸ್ಥೆಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ನಿಮ್ಮನ್ನು ಆಗ ಯಾರಾದರೂ ತಾಯಿಯಿಂದ ದೂರ ಮಾಡಿ ಓದಿಸಿದ್ದರೆ ನೀವು ಒಪ್ಪುತ್ತಿದ್ದಿರೇ ಎಂದು ಕೇಳಿಕೊಳ್ಳಿ.

ನೀವು ಮಗುವಾಗಿದ್ದಾಗಿನ ಕಾಲ ಬೇರೆ, ಇಂದಿನ ಮಕ್ಕಳ ಕಾಲ ಬೇರೆ. ಆದ್ದರಿಂದ ನೋಂದಣಿಗೆ ಓಡುವ ಮೊದಲು, ಇದೇ ಕ್ಷೇತ್ರದಲ್ಲಿ ಈಗಾಗಲೇ ದುಡಿಯುತ್ತಿರುವ ಸಂಸ್ಥೆಯೊಂದರಲ್ಲಿ ಬಿಡುವಿನ ವೇಳೆಯಲ್ಲಿ ಒಂದು ವರ್ಷವಾದರೂ ಕೆಲಸ ಮಾಡಿ. ಇತ್ತೀಚೆಗೆ ಇಂಥ ಆಘಾತ ಕಂಡ ಕುಟುಂಬಗಳನ್ನು ಭೇಟಿಯಾಗಿ, ಮೊದಲ ಆರು ತಿಂಗಳಲ್ಲಿ ಏನು ಸಿಗಲಿಲ್ಲ ಎಂದು ಕೇಳಿ. ಮಕ್ಕಳನ್ನೂ ಕೇಳಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವುದು ಅವರ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೇ ಒಪ್ಪಿದೆ. ನೀವು ಮಾಡಬೇಕೆಂದಿರುವ ಕೆಲಸವನ್ನು ಇನ್ನೊಬ್ಬರು ಚೆನ್ನಾಗಿ ಮಾಡುತ್ತಿರುವುದು ಕಂಡುಬಂದರೆ ಅವರ ಜೊತೆ ಸೇರುವುದೂ ಒಂದು ಗೌರವದ ದಾರಿಯೇ, ನಿಮ್ಮ ಹೆಸರಿನ ಫಲಕ ಇಲ್ಲದಿದ್ದರೂ.

ಇನ್ನು ನಿಮ್ಮ ಕಥೆಯ ವಿಚಾರ. ಹೇಳಿ, ಆದರೆ ಎಷ್ಟು ಹೇಳಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ, ಮತ್ತು ಆ ಕಥೆಯಲ್ಲಿ ಬರುವ ತಾಯಿಯ ಒಪ್ಪಿಗೆ ಪಡೆಯಿರಿ. ಅದು ಮೊದಲ ದೇಣಿಗೆಯನ್ನು ತಂದೀತು. ಎರಡನೆಯದನ್ನು ತರುವುದು ಲೆಕ್ಕಪತ್ರ. ವೇದಿಕೆ ಏರಿದಾಗಲೆಲ್ಲ ಅದೇ ಗಾಯವನ್ನು ತೆರೆದು ತೋರಿಸುತ್ತ ಹೋದರೆ ಆ ನೋವೇ ಸಂಸ್ಥೆಯ ಬಂಡವಾಳವಾಗಿಬಿಡುತ್ತದೆ, ಆಮೇಲೆ ಅದು ಮಾಯುವುದು ನಿಮಗೇ ನಷ್ಟವೆನಿಸತೊಡಗುತ್ತದೆ. ಮಕ್ಕಳ ಕಥೆಗಳನ್ನಾಗಲಿ, ಅಳುವ ಮುಖಗಳ ಫೋಟೊಗಳನ್ನಾಗಲಿ ದೇಣಿಗೆಗಾಗಿ ಬಳಸಲೇಬೇಡಿ. ನೆರವಿನ ಅಗತ್ಯವಿರುವ ತಾಯಿ ಸಹಿ ಹಾಕಿಕೊಟ್ಟ ಒಪ್ಪಿಗೆಯನ್ನು ಮುಕ್ತ ಒಪ್ಪಿಗೆಯೆಂದು ನಾನು ಒಪ್ಪಲಾರೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ. ಕಷ್ಟದಿಂದ ಮೇಲೆ ಬಂದ ಸ್ಥಾಪಕರು ಪ್ರತಿ ಮಗುವಿನಲ್ಲೂ ತಮ್ಮನ್ನೇ ಹುಡುಕುತ್ತಾರೆ. ನೆರವು ಪಡೆದೂ ಓದು ಬಿಟ್ಟ ಹುಡುಗ, ಕೃತಜ್ಞತೆ ತೋರದ ಹುಡುಗಿ, ಹೇಳಿದ ಮಾತು ಕೇಳದ ತಾಯಿ ಎದುರಾದಾಗ, 'ನಾನು ಇಷ್ಟೂ ಇಲ್ಲದೆ ಓದಿದೆ' ಎಂಬ ಸಿಟ್ಟು ಬರುತ್ತದೆ, ಆ ಸಿಟ್ಟು ಸಂಸ್ಥೆಯ ನಿಯಮಗಳೊಳಗೂ ನುಸುಳುತ್ತದೆ. ನಿಮ್ಮ ದುಃಖವನ್ನು ಆಪ್ತಸಮಾಲೋಚಕರೊಬ್ಬರೊಂದಿಗೆ ಸಂಸ್ಥೆಯ ಹೊರಗೆ ಮಾತನಾಡಿ ಹಗುರ ಮಾಡಿಕೊಳ್ಳಿ. ಮಕ್ಕಳ ಆಯ್ಕೆಯನ್ನು ನೀವೊಬ್ಬರೇ ಮಾಡಬೇಡಿ.

ಆಡಳಿತ ಮಂಡಳಿಯಲ್ಲಿ ಬಂಧುಗಳಿಗಿಂತ, ನಿಮಗೆ 'ಬೇಡ' ಎನ್ನುವ ಧೈರ್ಯವಿರುವವರು ಹೆಚ್ಚಿರಲಿ. ಒಬ್ಬರಿಗಾದರೂ ಲೆಕ್ಕಪತ್ರ ತಿಳಿದಿರಲಿ, ಬಾಲ್ಯದಲ್ಲಿ ಇಂಥ ನೆರವು ಪಡೆದು ಬೆಳೆದವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಮಕ್ಕಳೊಂದಿಗೆ ಕೆಲಸ ಮಾಡುವ ಪ್ರತಿಯೊಬ್ಬರ ಹಿನ್ನೆಲೆಯನ್ನು ಪರಿಶೀಲಿಸಬೇಕು, ಯಾವ ದೊಡ್ಡವರೂ ಮಗುವಿನೊಂದಿಗೆ ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿರಬಾರದು, ದೂರು ಕೊಡಲು ಸಂಸ್ಥೆಯ ಹೊರಗಿನವರೊಬ್ಬರ ಸಂಪರ್ಕ ಮಕ್ಕಳಿಗೆ ಗೊತ್ತಿರಬೇಕು. ಈ ನಿಯಮಗಳು ಮೊದಲ ಮಗು ಬರುವ ಮುಂಚೆಯೇ ಬರಹದಲ್ಲಿರಲಿ, ನಿಮಗೂ ಅನ್ವಯಿಸಲಿ.

ಉಳಿತಾಯವನ್ನೆಲ್ಲ ಹಾಕಬೇಡಿ. ಕಳೆದುಕೊಂಡರೂ ಮನೆ ನಡೆಸಲು ಅಡ್ಡಿಯಾಗದಷ್ಟು ಮೊತ್ತವನ್ನು ಮಾತ್ರ ಸಂಸ್ಥೆಗೆಂದು ಪ್ರತ್ಯೇಕ ಖಾತೆಯಲ್ಲಿಡಿ. ಮೊದಲ ವರ್ಷ ಹತ್ತಿಪ್ಪತ್ತು ಕುಟುಂಬಗಳಿಗೆ ಅರ್ಜಿ, ದಾಖಲೆ, ಶಾಲೆಯೊಂದಿಗಿನ ಮಾತುಕತೆ, ಇಷ್ಟರಲ್ಲೇ ನೆರವಾಗಿ, ಎಷ್ಟು ಅರ್ಜಿ ಸಲ್ಲಿಕೆಯಾದವು, ಎಷ್ಟಕ್ಕೆ ಹಣ ಬಂತು, ಎಷ್ಟು ಮಕ್ಕಳು ಶಾಲೆಯಲ್ಲಿ ಉಳಿದರು ಎಂದು ಬರೆದಿಡಿ. ಒಮ್ಮೆ ನೆರವು ಆರಂಭಿಸಿ ನಡುವೆ ನಿಲ್ಲಿಸುವುದು ಮಗುವಿಗೆ ಎರಡನೆಯ ನಷ್ಟವಾದ್ದರಿಂದ, ಕೊನೆಯ ತರಗತಿಯವರೆಗೆ ಕೈಬಿಡದೆ ಇರಬಲ್ಲಷ್ಟೇ ಮಕ್ಕಳನ್ನು ಸೇರಿಸಿಕೊಳ್ಳಿ. ಉದ್ಯೋಗ ಬಿಡುವ ಮಾತನ್ನು, ಸಂಸ್ಥೆಯ ಕೆಲಸಕ್ಕೆ ನಿಮ್ಮ ಬದಲು ಬೇರೆಯವರನ್ನು ನೇಮಿಸಿದರೂ ಒಂದು ವರ್ಷ ಸಂಬಳ ಕೊಡುವಷ್ಟು ಹಣ ಸಂಸ್ಥೆಯ ಖಾತೆಯಲ್ಲಿ ಕೂಡಿದ ದಿನ ಯೋಚಿಸಿ.