ಅಪ್‌ಲೋಡ್ ಮಿತಿ ತಗಲದಿರುವುದಕ್ಕೂ ತಾಣಗಳು ಅರ್ಧಕ್ಕೆ ನಿಲ್ಲುವುದಕ್ಕೂ ಕಾರಣ ಬೇರೆ ಬೇರೆ

ನಮಸ್ಕಾರ. ಹಳೆಯ ಕಂಪ್ಯೂಟರಿಗೆ ಡೆಬಿಯನ್ (ಲಿನಕ್ಸ್) ಹಾಕಿ ರೂಟರ್ ಮಾಡಿಕೊಂಡಿದ್ದೀರಿ, ಫೈಬರ್ ಸಂಪರ್ಕ ಪಿಪಿಪಿಒಇ (ಲಾಗಿನ್ ಮಾಡಿ ಸಂಪರ್ಕ ಪಡೆಯುವ ವಿಧಾನ) ಮೂಲಕ ಬರುತ್ತಿದೆ, 192.168.1.20 ಯಂತ್ರದ ಅಪ್‌ಲೋಡಿಗೆ ಎಚ್‌ಟಿಬಿಯಲ್ಲಿ (ಪ್ಯಾಕೆಟ್‌ಗಳನ್ನು ಕ್ಲಾಸ್ ಎಂಬ ಗುಂಪುಗಳಾಗಿ ಹಂಚಿ ವೇಗ ಮಿತಿಗೊಳಿಸುವ ವ್ಯವಸ್ಥೆ) ಮಿತಿ ಹಾಕಿದರೂ ಅದು ತಗಲುತ್ತಿಲ್ಲ, ಕೆಲವು ತಾಣಗಳು ಅರ್ಧ ತೆರೆದು ನಿಲ್ಲುತ್ತವೆ ಎಂದು ಬರೆದಿದ್ದೀರಿ. ಇವು ಎರಡು ಪ್ರತ್ಯೇಕ ದೋಷಗಳು, ಆದ್ದರಿಂದ ಬೇರೆ ಬೇರೆಯಾಗಿಯೇ ನೋಡಬೇಕು.

ದಯವಿಟ್ಟು ನಿಯಮಗಳನ್ನು ಮುಟ್ಟುವ ಮೊದಲು ಎಣಿಕೆಗಳನ್ನು ನೋಡಿ. ಲಿನಕ್ಸ್‌ನಲ್ಲಿ ವೇಗ ನಿಯಂತ್ರಿಸುವ ಟಿಸಿ (tc) ಆಜ್ಞೆಗೆ -ಎಸ್ (-s) ಸೇರಿಸಿ, ಹೊರಗಿನ ಸಂಪರ್ಕದ ಇಂಟರ್‌ಫೇಸ್ ಆದ ಪಿಪಿಪಿ0 ಮೇಲಿನ ಕ್ಲಾಸ್‌ಗಳನ್ನು ಕೇಳಿದಾಗ ಆ ಯಂತ್ರದ ಕ್ಲಾಸ್ ಸೊನ್ನೆ ಬೈಟ್ ತೋರಿಸಿದರೆ, ನೀವು ಕೊಟ್ಟ ವೇಗ ತಪ್ಪಲ್ಲ, ಪ್ಯಾಕೆಟ್‌ಗಳು ಆ ಕ್ಲಾಸ್‌ಗೆ ಬರುತ್ತಲೇ ಇಲ್ಲ ಎಂದರ್ಥ. ಹೊರಹೋಗುವ ಪ್ಯಾಕೆಟ್ ಪೋಸ್ಟ್‌ರೂಟಿಂಗ್ ಹಂತದಲ್ಲಿ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವುದು) ಮುಗಿಸಿಕೊಂಡ ನಂತರವೇ ಟಿಸಿಯ ಸಾಲಿಗೆ ಸೇರುತ್ತದೆ. ಅಷ್ಟರಲ್ಲಿ ಅದರ ಮೂಲ ವಿಳಾಸ ನಿಮ್ಮ ಹೊರಗಿನ ವಿಳಾಸವಾಗಿ ಬದಲಾಗಿರುವುದರಿಂದ, 192.168.1.20 ಅನ್ನು ಹುಡುಕುವ ಯು32 ಫಿಲ್ಟರ್‌ಗೆ (ಹೆಡರ್ ನೋಡಿ ಪ್ಯಾಕೆಟ್ ಆರಿಸುವ ಟಿಸಿ ನಿಯಮ) ಅದು ಎಂದೂ ಸಿಗುವುದಿಲ್ಲ. ಎಚ್‌ಟಿಬಿಗೆ ಡಿಫಾಲ್ಟ್ ಕ್ಲಾಸ್ ಹೇಳಿರದಿದ್ದರೆ ಹೀಗೆ ತಪ್ಪಿಸಿಕೊಂಡ ಪ್ಯಾಕೆಟ್‌ಗಳಿಗೆ ಯಾವ ಮಿತಿಯೂ ಇರುವುದಿಲ್ಲ.

ಆದ್ದರಿಂದ ಒಳಗಿನ ವಿಳಾಸ ಇನ್ನೂ ಉಳಿದಿರುವ ಕಡೆ, ಅಂದರೆ ಫೈರ್‌ವಾಲ್ ಸಾಧನವಾದ ಐಪಿಟೇಬಲ್ಸ್‌ನ ಮ್ಯಾಂಗಲ್ ಕೋಷ್ಟಕದ ಫಾರ್ವರ್ಡ್ ಸರಪಳಿಯಲ್ಲಿ, ಆ ಯಂತ್ರದ ಪ್ಯಾಕೆಟ್‌ಗಳಿಗೆ ಮಾರ್ಕ್ (ಗುರುತಿನ ಸಂಖ್ಯೆ) ಹಾಕಿ. ಟಿಸಿಯಲ್ಲಿ ಯು32 ಬದಲು ಎಫ್‌ಡಬ್ಲ್ಯು ಫಿಲ್ಟರ್ ಬಳಸಿ ಆ ಮಾರ್ಕ್ ಅನ್ನು ಕ್ಲಾಸ್‌ಗೆ ಜೋಡಿಸಿ. ಮಾರ್ಕ್ ಇರುವುದು ಕರ್ನಲ್ ಇಟ್ಟುಕೊಂಡ ಲೆಕ್ಕದಲ್ಲಿ, ಪ್ಯಾಕೆಟ್‌ನ ಹೆಡರ್‌ನಲ್ಲಲ್ಲ. ಹಾಗಾಗಿ ನ್ಯಾಟ್ ಅದನ್ನು ಅಳಿಸುವುದಿಲ್ಲ. ಎನ್‌ಎಫ್‌ಟೇಬಲ್ಸ್‌ನ ಫ್ಲೋಟೇಬಲ್ (ಪ್ಯಾಕೆಟ್‌ಗಳಿಗೆ ವೇಗದ ಅಡ್ಡದಾರಿ ಕೊಡುವ ಸೌಲಭ್ಯ) ಚಾಲೂ ಇದ್ದರೆ ಅದನ್ನು ತೆಗೆಯಿರಿ, ಏಕೆಂದರೆ ಸಂಪರ್ಕ ಒಮ್ಮೆ ಅದರೊಳಗೆ ಸೇರಿದ ಮೇಲೆ ಪ್ಯಾಕೆಟ್‌ಗಳು ಫಾರ್ವರ್ಡ್ ಸರಪಳಿಯನ್ನು ಹಾಯುವುದೇ ಇಲ್ಲ. ಒಟ್ಟು ದರವನ್ನು ನಿಜವಾದ ಅಪ್‌ಲೋಡ್ ವೇಗಕ್ಕಿಂತ ಸ್ವಲ್ಪ ಕೆಳಗೆ, 90ರಿಂದ 95 ಶೇಕಡಾಕ್ಕೆ ಇಟ್ಟರೆ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ನಿಮ್ಮ ಹತೋಟಿಯಲ್ಲಿರುತ್ತದೆ.

ಡೌನ್‌ಲೋಡಿಗೂ ಮಿತಿ ಬೇಕಾದರೆ ಮನೆಯ ಕಡೆಯ ಇಂಟರ್‌ಫೇಸ್‌ನಲ್ಲೇ ಹಾಕಿ. ಅಲ್ಲಿಂದ ಹೊರಡುವಾಗ ಗಮ್ಯ ವಿಳಾಸ ಆಗಲೇ ಒಳಗಿನದಾಗಿರುವುದರಿಂದ ಯು32 ಸರಿಯಾಗಿ ಕೆಲಸ ಮಾಡುತ್ತದೆ. ಇದಕ್ಕೆ ಐಎಫ್‌ಬಿ ಎಂಬ ಕಾಲ್ಪನಿಕ ಇಂಟರ್‌ಫೇಸ್ ಬಳಸುವ ಸಲಹೆಯೂ ಉಂಟು. ಒಂದೇ ಒಳಜಾಲವಿರುವ ಮನೆಗೆ ಅದು ಅನಗತ್ಯ ತೊಡಕು ಎಂಬುದು ನನ್ನ ಅಭಿಪ್ರಾಯ.

ಇನ್ನು ತಾಣಗಳ ವಿಷಯ. ಪಿಪಿಪಿಒಇ 8 ಬೈಟ್ ತಿನ್ನುವುದರಿಂದ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500 ಬದಲು 1492 ಆಗುತ್ತದೆ. ದೊಡ್ಡ ಪ್ಯಾಕೆಟ್ ಹಾಯಲಿಲ್ಲವೆಂದು ತಿಳಿಸುವ ಐಸಿಎಂಪಿ ಸಂದೇಶವನ್ನು ದಾರಿಯಲ್ಲಿ ಯಾವುದೋ ಫೈರ್‌ವಾಲ್ ತಡೆದರೆ, ಸರ್ವರ್ ಅದೇ ಗಾತ್ರದ ಪ್ಯಾಕೆಟ್ ಅನ್ನು ಮತ್ತೆ ಮತ್ತೆ ಕಳುಹಿಸುತ್ತಿರುತ್ತದೆ. ಪಿಂಗ್‌ಗೆ -ಎಂ ಡು (-M do, ಪ್ಯಾಕೆಟ್ ಒಡೆಯದಂತೆ) ಕೊಟ್ಟು 1464 ಬೈಟ್ ಹಾಯ್ದು 1465 ಹಾಯದಿದ್ದರೆ, ಹೆಡರ್‌ಗಳ 28 ಬೈಟ್ ಸೇರಿ ನಿಮ್ಮ ಎಂಟಿಯು 1492 ಎಂಬುದು ಖಚಿತವಾಗುತ್ತದೆ. ಪಿಪಿಪಿ0 ಕಡೆಗೆ ಹೋಗುವ ಟಿಸಿಪಿ ಸಿನ್ (ಸಂಪರ್ಕ ಆರಂಭಿಸುವ) ಪ್ಯಾಕೆಟ್‌ಗಳ ಎಂಎಸ್‌ಎಸ್ ಅನ್ನು (ಹೆಡರ್ ಬಿಟ್ಟು ಒಂದು ಪ್ಯಾಕೆಟ್ ಹೊರಬಹುದಾದ ಗರಿಷ್ಠ ದತ್ತಾಂಶ) ಅದೇ ಮ್ಯಾಂಗಲ್ ಕೋಷ್ಟಕದಲ್ಲಿ ಪಾತ್ ಎಂಟಿಯುಗೆ (ದಾರಿಯುದ್ದಕ್ಕೂ ಹಾಯುವ ಗಾತ್ರಕ್ಕೆ) ಹೊಂದುವಂತೆ ಇಳಿಸಿ, ಅದು 1452 ಆಗುತ್ತದೆ; ನಿಮ್ಮ ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನು ಪೂರ್ತಿ ತಡೆಯುವ ನಿಯಮವಿದ್ದರೆ ತೆಗೆದುಬಿಡಿ.

ಇಷ್ಟಾದ ಮೇಲೂ ಮಾರ್ಕ್ ನಿಯಮದ ಎಣಿಕೆ ಏರುತ್ತಿದ್ದು ಕ್ಲಾಸ್ ಸೊನ್ನೆಯಲ್ಲೇ ಇದ್ದರೆ, ಫಿಲ್ಟರ್‌ನ ಹ್ಯಾಂಡಲ್ ಸಂಖ್ಯೆ ಮಾರ್ಕ್‌ಗೆ ಹೊಂದುತ್ತಿದೆಯೇ ನೋಡಿ. ಎರಡೂ ಸೊನ್ನೆಯಾದರೆ ಫಾರ್ವರ್ಡ್ ಸರಪಳಿಯ ಪೂರ್ಣ ಪಟ್ಟಿಯನ್ನು ಎಣಿಕೆಗಳ ಸಹಿತ ಇಲ್ಲಿ ಹಾಕಿ.