ಸ್ವಂತ ಕಂಪನಿಯ ಹೆಸರಲ್ಲಿ ಸೈಕಲ್ ಕೊಂಡರೆ ತೆರಿಗೆ ಉಳಿಯುತ್ತದೆಯೇ?

ಬೆಳಗಾವಿಯ ಟಿಳಕವಾಡಿಯಿಂದ ಉದ್ಯಮಬಾಗದ ನಿಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಓಡಾಡಲು ಕಂಪನಿಯ ಹೆಸರಲ್ಲೇ ಸೈಕಲ್ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೊಳ್ಳಬಹುದು, ಆದರೆ ಉಳಿತಾಯ ಅಷ್ಟಕ್ಕಷ್ಟೇ.

ಬೆಲೆ 20,000, ಅದರ ಮೇಲೆ 5% ಜಿಎಸ್‌ಟಿ (2025ರ ಸೆಪ್ಟೆಂಬರ್ 22ಕ್ಕೆ ಮೊದಲು 12% ಇತ್ತು), ಒಟ್ಟು 21,000 ಎನ್ನೋಣ. ಬಿಲ್ಲಿನಲ್ಲಿ ಕಂಪನಿಯ ಹೆಸರು, ಜಿಎಸ್‌ಟಿ ನಂಬರ್ ಇರಲಿ. ಹಣ ಕಂಪನಿಯ ಖಾತೆಯಿಂದಲೇ ಹೋಗಲಿ. ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತಕ್ಕೆ ಸವಕಳಿ (ವಸ್ತು ಸವೆಯುವುದಕ್ಕೆಂದು ಪ್ರತಿವರ್ಷ ಕಂಪನಿಯ ಲಾಭದಿಂದ ಕಳೆಯುವ ಮೊತ್ತ) ಸಿಗದು. ಸವಕಳಿ ವರ್ಷಕ್ಕೆ 15%, ಅಂದರೆ ಮೊದಲ ವರ್ಷ 3,150. ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ, 1,575.

ಜಿಎಸ್‌ಟಿ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು? ಸೈಕಲ್ ಮೋಟಾರು ವಾಹನವಲ್ಲ, ಹಾಗಾಗಿ ಕಾರಿಗಿರುವ ತಡೆ ಇದಕ್ಕಿಲ್ಲ. ಆದರೆ ಸ್ವಂತ ಬಳಕೆಯ ವಸ್ತುವಿಗೆ ಕ್ರೆಡಿಟ್ ಇಲ್ಲ, ಮನೆ-ಕಚೇರಿ ಓಡಾಟವನ್ನು ಹಾಗೆಂದೇ ನೋಡುವ ಸಾಧ್ಯತೆ ಹೆಚ್ಚು. ಸಾವಿರ ರೂಪಾಯಿಗೆ ನೋಟಿಸ್ ಕರೆಸಿಕೊಳ್ಳುವುದು ಯಾಕ್ರೀ? ಕೆಲಸಗಾರರು ಗಿರಾಕಿಗಳಿಗೆ ಸರಕು ಮುಟ್ಟಿಸುವ ಸೈಕಲ್ಲಾದರೆ ಕ್ರೆಡಿಟ್ ಧಾರಾಳವಾಗಿ ತೆಗೆದುಕೊಳ್ಳಿ.

ಹಲವರು ಮರೆಯುವುದು ಪರ್ಕ್ವಿಸಿಟ್, ಅಂದರೆ ಸಂಬಳದ ಜೊತೆ ಸಿಗುವ, ತೆರಿಗೆ ಬೀಳುವ ಸವಲತ್ತು. ಕಂಪನಿಯ ವಸ್ತುವನ್ನು ಸಂಬಳದ ಡೈರೆಕ್ಟರ್ ಮನೆ-ಕಚೇರಿ ಓಡಾಟ ಬಿಟ್ಟು ಬೇರೆ ಸ್ವಂತ ಕೆಲಸಕ್ಕೂ ಬಳಸಿದರೆ ಬೆಲೆಯ 10%, ಇಲ್ಲಿ ವರ್ಷಕ್ಕೆ 2,100, ನಿಮ್ಮ ಸಂಬಳಕ್ಕೆ ಸೇರುತ್ತದೆ. ಮೂರು ವರ್ಷದ ನಂತರ ನೀವೇ ಕೊಂಡುಕೊಂಡರೆ ಲೆಕ್ಕದ ಬೆಲೆ 14,700: ವರ್ಷಕ್ಕೆ ಮೂಲಬೆಲೆಯ 10% ಮಾತ್ರ ಕಳೆಯುತ್ತಾರೆ. ತುಕ್ಕು ಹಿಡಿದ ಚೈನಿನ ಆ ಸೈಕಲ್ಲಿಗೆ ಸಂತೆಯಲ್ಲಿ ಐದು ಸಾವಿರ ಬಾರದಿದ್ದರೂ, ನೀವು ಕಡಿಮೆ ಕೊಟ್ಟಷ್ಟೂ ಸಂಬಳವೆಂದೇ ಎಣಿಕೆ.